ಊರಾಚೆಯ ಡಬ್ಬಿ

ಬಸ್ಸು ಶಿಕಾರಿಪುರ ಬಿಟ್ಟು ಹತ್ತು ನಿಮಿಷವೂ ಆಗಿರಲಿಲ್ಲ, ಅಷ್ಟರಲ್ಲಿ ತೀರ್ಥೇಶ ಮನಸ್ಸಿನಲ್ಲೇ ಸೊರಬ ಶಾಖೆಯ ಗುಮಾಸ್ತೆ ಮಹಾದೇವಮ್ಮನವರ ಜೊತೆ ಮೂರು ಸಲ ಜಗಳವಾಡಿ ಮೂರು ಸಲವೂ ಸೋತಿದ್ದ. ಮೊದಲನೆಯ ಜಗಳದಲ್ಲಿ ಅವನು ಬ್ಯಾಗಿನಿಂದ ಪ್ರಿಂಟ್ ಹಾಳೆ ತೆಗೆದು, ನೋಡಿ ಅಮ್ಮಾ, ನಾನು ಕಳಿಸಿದ ಇಪ್ಪತ್ತಮೂರು ಮೇಲ್‌ಗಳೂ ನಿಮ್ಮ ಸೊರಬದ ಶಾಖೆಗೆ ತಲುಪಿವೆ, ಸರ್ವರ್ ಸುಳ್ಳು ಹೇಳುವುದಿಲ್ಲ ಎಂದ. ಆಕೆ ಕನ್ನಡಕದ ಮೇಲಿನಿಂದ ಅವನನ್ನು ಒಮ್ಮೆ ನೋಡಿದರು, ಅಷ್ಟೇ. ಹಾಳೆ ಅವನ ಕೈಯಲ್ಲೇ ಮುದುಡಿತು. ಎರಡನೆಯ ಜಗಳದಲ್ಲಿ ಜಾಣತನ ಮಾಡಿ ತಾನೇ ಮೊದಲು ತಪ್ಪಾಯಿತು ಎಂದುಬಿಟ್ಟ. ಆಕೆ, ಯಾವುದು, ಎಂದು ಕೇಳಿದರು. ಮೂರನೆಯದರಲ್ಲಿ ಇಬ್ಬರೂ ಮಾತೇ ಆಡಲಿಲ್ಲ. ಆಕೆ ಅವನ ಮುಂದೆ ಒಂದು ಲೋಟ ಚಹಾ ಇಟ್ಟು ತಮ್ಮ ಕೆಲಸಕ್ಕೆ ಕೂತರು, ಅದೇ ಎಲ್ಲಕ್ಕಿಂತ ದೊಡ್ಡ ಸೋಲಾಯಿತು. ಕಿಟಕಿಯಾಚೆ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಹಾಕಿದ್ದರು. ಬಸ್ಸು ತಗ್ಗಿಗೆ ಇಳಿದು, ಏರಿ, ಹಾರ್ನ್ ಹೊಡೆಯುತ್ತ ಸಾಗುತ್ತಿತ್ತು. ಜೋಳ ಕೆದಕುತ್ತಿದ್ದ ಹೆಂಗಸರು, ಬಸ್ಸೇ ತಮ್ಮ ಅಂಗಳಕ್ಕೆ ನುಗ್ಗಿದೆ ಎಂಬಂತೆ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದರು. ಬೇರೆ ದಿನವಾಗಿದ್ದರೆ ತೀರ್ಥೇಶನಿಗೆ ಅದು ನಗು ತರಿಸುತ್ತಿತ್ತು. ಇವತ್ತು ಅವರೆಲ್ಲ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿ ಕಿಟಕಿಯ ಗಾಜು ಎಳೆದುಕೊಂಡ.

ಅವನು ಈಸೂರಿನವನು. ಈಸೂರಿನವನು ಎಂದು ಗೊತ್ತಾದರೆ ಸಾಕು, ಹೊಸಬರು ಒಂದು ಗಳಿಗೆ ಅವನ ಮುಖದಲ್ಲಿ ಧೈರ್ಯ ಹುಡುಕುತ್ತಾರೆ. ಬ್ರಿಟಿಷರ ಎದುರು ನಿಂತ ಊರಿನಿಂದ ಬಂದವನೊಬ್ಬ ಐವತ್ತೇಳು ವರ್ಷದ ಗುಮಾಸ್ತೆಯ ಕನ್ನಡಕಕ್ಕೆ ಹೆದರಿ ಬಸ್ಸಿನಲ್ಲಿ ಬೆವರುತ್ತಿದ್ದಾನೆ ಎಂದರೆ ಅವರು ಏನೆಂದಾರು? ಬೆಳಿಗ್ಗೆ ಬೀಜ ಬೆಳೆಗಾರರ ಸಂಘದ ಪ್ರಧಾನ ಕಚೇರಿಯಲ್ಲಿ ವ್ಯವಸ್ಥಾಪಕ ಗಂಗಾಧರಪ್ಪನವರು ಅವನನ್ನು ಕರೆದು ಕೂರಿಸಿಕೊಂಡಿದ್ದರು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. “ನೋಡಪ್ಪಾ ತೀರ್ಥೇಶ, ನಲವತ್ತು ದಿನದಿಂದ ಸೊರಬದವರು ಒಂದೂ ಬಿತ್ತನೆ ಪಟ್ಟಿ ಕಳಿಸಿಲ್ಲ. ಫೋನ್ ಮಾಡಿದ್ರೆ ಆಯಮ್ಮ, ತೀರ್ಥೇಶ್ ಕೇಳಿದ್ರೆ ತಾನೇ ನಾನು ಕಳ್ಸೋದು, ಒಂದು ಮೇಲೂ ಬಂದಿಲ್ಲ ಅಂತಾರೆ. ನೀನು ನೋಡಿದ್ರೆ ಎಲ್ಲಾ ಹೋಗೇತಿ ಅಂತೀಯ. ಇಬ್ರಲ್ಲಿ ಯಾರು ಸುಳ್ಳು ಹೇಳ್ತೀರಿ ಅಂತ ನಾ ಕೇಳಂಗಿಲ್ಲ. ನೀನೇ ಹೋಗಿ ಬಂದ್ಬಿಡು,” ಎಂದು ಹೇಳಿ, ಹೋಗುವಾಗ ಕೊಂಡುಹೋಗು ಎಂದು ಶಾಖೆಗೆ ಒಂದು ಹೊಸ ಮೌಸ್ ಕೂಡ ಕೊಟ್ಟಿದ್ದರು. ಮೌಸ್ ಈಗ ಅವನ ತೊಡೆಯ ಮೇಲೆ ಡಬ್ಬಿಯಲ್ಲಿ ಕೂತಿತ್ತು. ಸಂಘದ ಮೇಲ್ ಸರ್ವರನ್ನು ಕಟ್ಟಿದವನು ಅವನು, ಕಾಯುವವನೂ ಅವನು. ಯಾವ ಮೇಲ್ ಎಷ್ಟು ಗಂಟೆಗೆ ಯಾವ ಶಾಖೆಯ ಪೆಟ್ಟಿಗೆಗೆ ಬಿತ್ತು ಎಂಬುದನ್ನು ಸರ್ವರ್ ಸಾಲುಸಾಲಾಗಿ ಬರೆದಿಡುತ್ತದೆ. ಸೊರಬದ ಎದುರು ಇಪ್ಪತ್ತಮೂರು ಸಲವೂ ‘ತಲುಪಿದೆ’ ಎಂದೇ ಇತ್ತು. ಹಾಗಾದರೆ ಆಕೆ ಓದಿದ್ದಾರೆ. ಓದಿ, ಬಂದಿಲ್ಲ ಎನ್ನುತ್ತಿದ್ದಾರೆ. ಯಾಕೆ ಹಾಗೆ ಎನ್ನುತ್ತಿದ್ದಾರೆ ಎಂಬುದು ತೀರ್ಥೇಶನಿಗೆ ಮಾತ್ರ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದ. ಆ ಇಪ್ಪತ್ತಮೂರರಲ್ಲಿ ಇಪ್ಪತ್ತೆರಡು ಸಂಘದ ಕಾಗದಗಳು. ಒಂದು ಅವನದೇ ಕಾಗದ. ಅದರಲ್ಲಿ ಅವನು ಕ್ಷಮೆ ಕೇಳಿದ್ದ.

ನಡೆದದ್ದು ಇಷ್ಟು. ಶಿಕಾರಿಪುರದಲ್ಲಿ ಶಾಖೆಗಳ ಗುಮಾಸ್ತರಿಗೆಲ್ಲ ಒಂದು ಸೋಮವಾರ ತರಬೇತಿ ಇತ್ತು, ಹೇಳಿಕೊಡುವವನು ತೀರ್ಥೇಶ. ಮೇಲ್ ಬರೆಯುವುದು, ಓದುವುದು, ಅಳಿಸುವುದು. ಅಳಿಸಿದ್ದು ಎಲ್ಲಿಗೆ ಹೋಗುತ್ತದೆ ಎಂದು ಕಸದ ಬುಟ್ಟಿಯ ಚಿತ್ರ ತೋರಿಸುತ್ತಿದ್ದಾಗ ಮೂರನೆಯ ಸಾಲಿನಿಂದ ಮಹಾದೇವಮ್ಮ ಎದ್ದು ನಿಂತರು. ಎದ್ದು ನಿಲ್ಲುವ ಅಗತ್ಯವಿರಲಿಲ್ಲ, ಆದರೂ ನಿಂತರು. “ಅಳ್ಸಿದ್ರೂ ಅದು ಇನ್ನೊಂದು ಬುಟ್ಟೀಲಿ ಇರ್ತದಲ್ಲ. ಓದಿದ ಮೇಲೆ ಮನೆ ಒಳಗೇ ಇಲ್ದಂಗೆ, ಪೂರ್ತಿ ಆಚೆ ಹಾಕೋದು ಯಾವುದು?” ಮಧ್ಯಾಹ್ನದ ಊಟದ ಹೊತ್ತು ಹತ್ತಿರವಾಗಿತ್ತು, ಎಲ್ಲರಿಗೂ ಆಕಳಿಕೆ, ತೀರ್ಥೇಶನಿಗೆ ಒಂದು ನಗೆಹನಿ ಬೇಕಾಗಿತ್ತು. “ಅಷ್ಟು ದೂರ ಹಾಕ್ಬೇಕಾ ಅಮ್ಮಾ? ಹಂಗಾದ್ರೆ ಸ್ಪ್ಯಾಮ್ ಅಂತ ಐತಲ್ಲ, ಅದನ್ನ ಒತ್ತಿಬಿಡ್ರಿ. ಊರಾಚೆಗೇ ಹೋಗ್ತತಿ, ದೆವ್ವ ಬಿಡಿಸ್ದಂಗೆ!” ನಲವತ್ತು ಜನ ಒಟ್ಟಿಗೆ ನಕ್ಕರು. ಗೋಡೆಗೆ ಒರಗಿ ತೂಕಡಿಸುತ್ತಿದ್ದವರೂ ಎದ್ದು ಏನು, ಏನು ಎಂದು ಪಕ್ಕದವರನ್ನು ಕೇಳಿ ಎರಡನೆಯ ಸರದಿ ನಕ್ಕರು. ಮಹಾದೇವಮ್ಮ ನಗಲಿಲ್ಲ. ಕೂತು, ನೋಟ್‌ಬುಕ್ಕಿನಲ್ಲಿ ಏನೋ ಬರೆದು, ಪೆನ್ನಿನ ಟೊಪ್ಪಿ ಹಾಕಿದರು. ಆ ಟೊಪ್ಪಿಯ ಟಿಕ್ ಎಂಬ ಸದ್ದು ಅಷ್ಟು ನಗುವಿನ ನಡುವೆಯೂ ಅವನಿಗೆ ಕೇಳಿಸಿತು. ಏನು ಬರೆದರು? ಅವನ ಹೆಸರು, ತಾರೀಖು, ಅವಮಾನ ಮಾಡಿದ ಎಂದು?

ಅದೂ ಯಾರು ಮಾಡಿದ ಅವಮಾನ! ಶಿವಮೊಗ್ಗದಲ್ಲಿ ಡಿಪ್ಲೊಮಾ ಸೇರಿದ ಮೊದಲ ವಾರ, ಜೀವನದಲ್ಲಿ ಮೊದಲ ಸಲ ಕಂಪ್ಯೂಟರ್ ಮುಟ್ಟಿದ ದಿನ, ಎದ್ದು ನಿಂತು ‘ಸಾರ್, ಮೌಸ್ ಮೇಜಿನ ಅಂಚಿಗೆ ಬಂದ್ಬಿಟ್ರೆ ಮುಂದೆ ಏನು ಮಾಡೋದು’ ಎಂದು ಕೇಳಿದವನು ಇದೇ ತೀರ್ಥೇಶ. ಆವತ್ತು ನಕ್ಕವರಲ್ಲಿ ಮೇಷ್ಟ್ರೂ ಇದ್ದರು. ಮೂರು ವರ್ಷ ಅವನನ್ನು ‘ಅಂಚು’ ಎಂದೇ ಕರೆದರು. ಹದಿನಾರು ವರ್ಷವಾದರೂ ಮೌಸ್ ಎತ್ತಿ ಮತ್ತೆ ನಡುವಿಗೆ ಇಡುವಾಗ ಕಿವಿ ಬಿಸಿಯಾಗುತ್ತದೆ. ಅಂಥವನು ಇನ್ನೊಬ್ಬರ ಪ್ರಶ್ನೆಗೆ ನಗಿಸಿದನಲ್ಲ. ತರಬೇತಿಯಾಗಿ ಎರಡು ದಿನಕ್ಕೆ, ಬುಧವಾರ, ಸಂಘ ಕಟ್ಟಿದ ಹಿರಿಯರು, ಬಂದಳಿಕೆ ಕಡೆಯ ಬೆನಕಪ್ಪನವರು ತೀರಿಕೊಂಡರು. ಆ ಸುದ್ದಿಯನ್ನು ಶಾಖೆಗಳಿಗೆಲ್ಲ ಮೇಲ್ ಮಾಡಿದವನೂ ತೀರ್ಥೇಶನೇ. ಮಣ್ಣಿಗೆ ಹೋದಾಗ ದೂರದಲ್ಲಿ ಮಹಾದೇವಮ್ಮ ಕಂಡರು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು, ಹತ್ತಿರ ಹೋಗಲು ಅವನಿಗೆ ಧೈರ್ಯ ಬರಲಿಲ್ಲ. ಶುಕ್ರವಾರ ಸಂಜೆ ಎಲ್ಲರೂ ಹೊರಟ ಮೇಲೆ ಕೂತು ಕ್ಷಮೆಯ ಮೇಲ್ ಬರೆದ. ಎರಡು ಗಂಟೆ ಬರೆದ. ಚೆನ್ನಾಗಿ ಬರೆದಿದ್ದೇನೆ ಎಂದು ಅನ್ನಿಸಿ, ಬರೆದು ಮುಗಿಸಿದ ಮೇಲೆ ಹಗುರಾಗಿ, ದಾರಿಯಲ್ಲಿ ಮಿರ್ಚಿ ಕಟ್ಟಿಸಿಕೊಂಡು ಮನೆಗೆ ಹೋಗಿದ್ದ. ಉತ್ತರ ಬರಲಿಲ್ಲ. ಶನಿವಾರ ಬರಲಿಲ್ಲ, ಸೋಮವಾರ ಬರಲಿಲ್ಲ. ಸರ್ವರಿನಲ್ಲಿ ‘ತಲುಪಿದೆ’ ಎಂದು ಮಾತ್ರ ಇತ್ತು. ಆಮೇಲಿಂದ ಬೆಳಿಗ್ಗೆ ಕಚೇರಿಗೆ ಬಂದ ಕೂಡಲೇ ದೇವರ ಫೋಟೋ ನೋಡುವ ಮೊದಲು ಆ ಒಂದು ಸಾಲು ನೋಡುವುದು ಅಭ್ಯಾಸವಾಯಿತು. ಹೆಂಡತಿ ದಿವ್ಯ, “ಅಷ್ಟು ಕೊರಗೋ ಬದ್ಲು ಒಂದು ಫೋನ್ ಮಾಡಿದ್ರೆ ಮುಗೀತಿತ್ತಲ್ರೀ,” ಎಂದಳು. ಫೋನಿನಲ್ಲಿ ಆಕೆ ಸುಮ್ಮನಿದ್ದುಬಿಟ್ಟರೆ? ಮೇಲಿನಲ್ಲಾದರೆ ಮೌನ ದೂರದಲ್ಲಿರುತ್ತದೆ, ಫೋನಿನಲ್ಲಿ ಕಿವಿಯೊಳಗೇ ಇರುತ್ತದೆ. ಅದನ್ನು ದಿವ್ಯಳಿಗೆ ಹೇಗೆ ಹೇಳುವುದೆಂದು ತಿಳಿಯದೆ, ನಾಳೆ ಮಾಡ್ತೀನಿ ಎಂದು ನಲವತ್ತೊಂದು ದಿನ ಹೇಳಿದ.

ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಬೇಕಿತ್ತು. ಬಳ್ಳಿಗಾವಿ ನೋಡಲು ಬಂದಿದ್ದ ಕಾಲೇಜು ಹುಡುಗಿಯರ ಗುಂಪೊಂದು ನಿಲ್ದಾಣ ತುಂಬ ಗಲಗಲ ಮಾಡುತ್ತಿತ್ತು. ಅಲ್ಲೇ ವಾಪಸ್ ಶಿಕಾರಿಪುರದ ಬಸ್ಸೂ ನಿಂತಿತ್ತು, ಅದರ ಬಾಗಿಲೂ ತೆರೆದಿತ್ತು. ಹೊಟ್ಟೆನೋವು ಎಂದರೆ ಯಾರು ಬೇಡವೆನ್ನುತ್ತಾರೆ? ಅವನು ಒಂದು ಚಹಾ ಕುಡಿದು, ಇನ್ನೊಂದು ಕುಡಿದು, ಎರಡು ಬಸ್ಸುಗಳಲ್ಲಿ ಯಾವುದು ಮೊದಲು ಹೊರಡುತ್ತದೋ ಅದಕ್ಕೆ ಹತ್ತುವುದೆಂದು ನಿರ್ಧರಿಸಿದ. ಸೊರಬದ ಡ್ರೈವರ್ ಮೊದಲು ಸೀಟಿಗೆ ಹಾರಿ ಕೂತ. ಹೀಗೆ ಅವನ ಧೈರ್ಯವನ್ನು ಒಬ್ಬ ಡ್ರೈವರ್ ತೀರ್ಮಾನ ಮಾಡಿದ. ದಾರಿಯಲ್ಲಿ ಬಿಸಿಲು ಹದವಾಗಿತ್ತು, ಭತ್ತದ ಗದ್ದೆಗಳು ಹಣ್ಣಾಗಿ ಬಾಗಿದ್ದವು, ಪಕ್ಕದಲ್ಲಿ ಕೂತ ಅಜ್ಜನೊಬ್ಬ ಯಾವ ಪರಿಚಯವೂ ಇಲ್ಲದೆ ಅವನ ಕೈಗೆ ಒಂದು ಹಿಡಿ ಕಡಲೆ ಸುರಿದ. ಕಡಲೆ ತಿನ್ನುತ್ತ ತೀರ್ಥೇಶ ನಾಲ್ಕನೆಯ ಜಗಳಕ್ಕೆ ತಯಾರಾದ.

ಸೊರಬದ ಶಾಖೆ ಎಂದರೆ ಬಸ್ ನಿಲ್ದಾಣದಿಂದ ಎರಡು ತಿರುವು ದಾಟಿದ ಮೇಲೆ ಸಿಗುವ ಹಳೆಯ ಉಗ್ರಾಣ. ಮುಂದಿನ ಕೋಣೆಯಲ್ಲಿ ಮೇಜು, ಹಿಂದೆ ಬಿತ್ತನೆ ಬೀಜದ ಚೀಲಗಳು. ಬಾಗಿಲಲ್ಲೇ ಮಹಾದೇವಮ್ಮ ನಿಂತಿದ್ದರು. “ಬಂದ್ರಾ! ಬನ್ನಿ, ಬನ್ನಿ, ಕೂತ್ಕಳಿ. ಗಂಗಾಧರಪ್ಪೋರು ಫೋನ್ ಮಾಡಿದ್ರು. ಬಿಸ್ಲಲ್ಲಿ ಬಂದೀರಿ, ಮಜ್ಜಿಗೆ ಕುಡೀರಿ ಮೊದ್ಲು.” ಮುಖದ ತುಂಬ ನಗು. ತೀರ್ಥೇಶನಿಗೆ ಹೆದರಿಕೆ ಇಮ್ಮಡಿಯಾಯಿತು. ಮನಸ್ಸಿನಲ್ಲಿ ಮಾಡಿದ ಯಾವ ಜಗಳದಲ್ಲೂ ಆಕೆ ನಕ್ಕಿರಲಿಲ್ಲ. ಮಜ್ಜಿಗೆಯಲ್ಲಿ ಶುಂಠಿ, ಕರಿಬೇವು, ಹದವಾದ ಉಪ್ಪು; ಇಷ್ಟು ಒಳ್ಳೆಯ ಮಜ್ಜಿಗೆಯನ್ನು ಸಿಟ್ಟಿದ್ದವರು ಮಾಡಲು ಸಾಧ್ಯವೇ ಎಂದು ಯೋಚಿಸುತ್ತ ಕುಡಿದ. “ನಾನು ದಿನಾ ಬೆಳಿಗ್ಗೆ ಕಸ ಗುಡ್ಸಿ, ದೀಪ ಹಚ್ಚಿ, ನಿಮ್ ಮೇಲ್ ಬಂತಾ ಅಂತ ನೋಡ್ತೀನಿ. ಎಂತದೂ ಇಲ್ಲ. ಸೊರಬದವ್ರು ಲೆಕ್ಕಕ್ಕಿಲ್ಲ ಅಂತ ಬಿಟ್ಬಿಟ್ರಾ ಅಂದ್ಕಂಡೆ. ನಿಮ್ಮನ್ನ ಕೇಳಾಣ ಅಂದ್ರೆ, ಎಷ್ಟು ಕೆಲ್ಸವೋ ಏನೋ ಅಂತ ಸುಮ್ನಾದೆ.” ಇದು ವ್ಯಂಗ್ಯವೋ, ನಿಜವೋ? ಅವನು ಲೋಟದ ತಳ ನೋಡಿದ. ಅಲ್ಲಿ ಒಂದು ಕರಿಬೇವಿನ ಎಲೆ ಬಿಟ್ಟರೆ ಬೇರೇನೂ ಇರಲಿಲ್ಲ.

ಕಂಪ್ಯೂಟರಿನ ನೆತ್ತಿಯ ಮೇಲೆ ಒಂದು ಚೆಂಡುಹೂ ಇತ್ತು. ತೀರ್ಥೇಶ ಮೇಲ್ ತೆರೆದ. ಒಳಪೆಟ್ಟಿಗೆಯಲ್ಲಿ ಗೊಬ್ಬರದ ಕಂಪನಿಯವರು, ಇತರ ಶಾಖೆಯವರು, ಎಲ್ಲರೂ ಇದ್ದರು, ಅವನೊಬ್ಬನೇ ಇರಲಿಲ್ಲ. ಹಾಗಾದರೆ ಆಕೆ ಹೇಳಿದ್ದು ನಿಜ. ಎಡಗಡೆ ಕೆಳಗೆ ಸ್ಪ್ಯಾಮ್ ಎಂದು ಬರೆದ ಡಬ್ಬಿ. ಒತ್ತಿದ. ಒಂದರ ಕೆಳಗೊಂದು ಸಾಲಾಗಿ ಅವನೇ ನಿಂತಿದ್ದ. ತೀರ್ಥೇಶ್, ತೀರ್ಥೇಶ್, ತೀರ್ಥೇಶ್. ನಡುನಡುವೆ ಲಾಟರಿ ಗೆದ್ದಿದ್ದೀರಿ ಎನ್ನುವವರು, ಬೋಳು ತಲೆಗೆ ಎಣ್ಣೆ ಮಾರುವವರು, ಸತ್ತ ಚಿಕ್ಕಪ್ಪನ ಆಸ್ತಿ ನಿಮಗೇ ಬಂದಿದೆ ಎನ್ನುವ ಯಾವುದೋ ದೇಶದ ವಕೀಲರು, ಮತ್ತೆ ತೀರ್ಥೇಶ್. ಅವನ ಇಪ್ಪತ್ತಮೂರರಲ್ಲಿ ಯಾವುದನ್ನೂ ತೆರೆದಿರಲಿಲ್ಲ, ಎಲ್ಲ ದಪ್ಪಕ್ಷರದಲ್ಲೇ ಇದ್ದವು. ಆಕೆ ಓದಿಲ್ಲ! ಸಿಟ್ಟಿಲ್ಲ, ಸೇಡಿಲ್ಲ, ಓದಿಯೇ ಇಲ್ಲ! ನಲವತ್ತೊಂದು ದಿನ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋದ ಹಾಗಾಗಿ ಅವನು ಕುರ್ಚಿಯಲ್ಲೇ ಸಣ್ಣಗೆ ನಕ್ಕುಬಿಟ್ಟ. ನಕ್ಕ ಕೂಡಲೇ ಹೆದರಿ ನಿಲ್ಲಿಸಿದ. ಈ ಹೆಂಗಸಿನ ಎದುರು ನಗುವುದು ಅವನಿಗೆ ಹಿಂದೊಮ್ಮೆ ಒಗ್ಗಿರಲಿಲ್ಲ.

ಒಂದು ಮೇಲನ್ನು ತೆರೆದು ಅದರ ಹೆಡರ್ ತೋರಿಸು ಎಂದು ಯಂತ್ರಕ್ಕೆ ಹೇಳಿದ. ಮೇಲ್ ಎಂದರೆ ಕಣ್ಣಿಗೆ ಕಾಣುವ ನಾಲ್ಕು ಸಾಲಷ್ಟೇ ಅಲ್ಲ. ಅದರ ತಲೆಯ ಮೇಲೆ, ಸಾಮಾನ್ಯವಾಗಿ ಯಾರೂ ನೋಡದ ಕಡೆ, ಅದು ಎಲ್ಲಿಂದ ಹೊರಟಿತು, ಯಾವ ಯಾವ ಯಂತ್ರ ದಾಟಿತು, ಎಲ್ಲೆಲ್ಲಿ ಎಷ್ಟು ಹೊತ್ತು ನಿಂತಿತು, ಬಾಗಿಲಲ್ಲಿ ಯಾರು ತಡೆದರು, ಯಾಕೆ ತಡೆದರು ಎಂಬುದೆಲ್ಲ ಬರೆದಿರುತ್ತದೆ. ಕೆಳಗಿನಿಂದ ಮೇಲಕ್ಕೆ ಓದಬೇಕು. ತೀರ್ಥೇಶನಿಗೆ ಜನರ ಮುಖ ಓದುವುದು ಬರುವುದಿಲ್ಲ, ಇದು ಬರುತ್ತದೆ. ಶಿಕಾರಿಪುರ ಸರಿ, ಸರ್ವರ್ ಸರಿ, ಮೊಹರು ಸರಿ, ಸೊರಬದ ಪೆಟ್ಟಿಗೆ ಸರಿ. ಮೇಲಿನಿಂದ ಎರಡನೆಯ ಸಾಲಿನಲ್ಲಿ ಕಾರಣ ಇತ್ತು: ಈ ವಿಳಾಸವನ್ನು ಪೆಟ್ಟಿಗೆಯ ಒಡೆಯರು ಸ್ಪ್ಯಾಮ್ ಎಂದು ಗುರುತು ಮಾಡಿದ್ದಾರೆ. ಪೆಟ್ಟಿಗೆಯ ಪಟ್ಟಿ ತೆರೆದು ತಾರೀಖು ನೋಡಿದ. ತರಬೇತಿಯಾಗಿ ಎರಡು ದಿನಕ್ಕೆ, ಬುಧವಾರ, ಬೆಳಿಗ್ಗೆ ಹತ್ತೂ ನಲವತ್ತೆರಡು. ಓದದೇ ಇದ್ದದ್ದು ಹೌದು, ಆದರೆ ಬಾಗಿಲು ಹಾಕಿದ್ದು ಆಕೆಯೇ. “ಅಮ್ಮಾ,” ಎಂದ, “ನನ್ನ ಮೇಲ್ ಒಂದನ್ನ ನೀವು ಸ್ಪ್ಯಾಮ್ ಅಂತ ಒತ್ತಿದ್ರಾ?”

“ಹೌದು, ಒತ್ತಿದೆ,” ಎಂದರು ಮಹಾದೇವಮ್ಮ, ಅದರಲ್ಲೇನು ಎಂಬ ಧ್ವನಿಯಲ್ಲಿ. “ಬೆನಕಪ್ಪೋರು ಹೋದ್ರು ಅಂತ ಬಂತಲ್ಲ, ಅದು. ಈ ಕುರ್ಚೀಲಿ ಕೂರ್ಸಿದ್ದೇ ಅವ್ರು ನನ್ನ. ಓದಿ ಕೈಕಾಲು ಆಡ್ಲಿಲ್ಲ. ಆದ್ರೂ ಸಾವಿನ ಕಾಗ್ದ ಒಳಗೆ ಇಟ್ಕಳ್ಳಕ್ಕೆ ಆಗ್ತದಾ? ಓದಿದ ಕೂಡ್ಲೆ ಹರ್ದು ಆಚೆ ಹಾಕ್ಬೇಕು. ಇದ್ರಲ್ಲಿ ಹರಿಯೋದು ಹೆಂಗೆ? ಅಳ್ಸಿದ್ರೆ ಬುಟ್ಟೀಲಿ ಕೂತಿರ್ತದೆ. ಅದ್ಕೇ ಅವತ್ತು ನಿಮ್ಮನ್ನ ಕೇಳಿದ್ದು. ಬೆನಕಪ್ಪೋರು ಮಲಗಿ ತಿಂಗ್ಳಾಗಿತ್ತು, ಸುದ್ದಿ ಬಂದೇ ಬರ್ತದೆ ಅಂತ ಗೊತ್ತಿತ್ತು. ಬಂದ್ರೆ ಎಂತ ಮಾಡೋದು ಅಂತ ದಿಗಿಲು. ನೀವು ಹೇಳಿದ್ರಿ, ಬರ್ಕಂಡೆ.” ಮೇಜಿನ ಖಾನೆಯಿಂದ ನೋಟ್‌ಬುಕ್ ತೆಗೆದು ಆ ಪುಟ ತೋರಿಸಿದರು. ದುಂಡನೆಯ ಅಕ್ಷರದಲ್ಲಿ ಒಂದೇ ಸಾಲು: ಊರಾಚೆ ಹಾಕಲು ಸ್ಪ್ಯಾಮ್ ಒತ್ತುವುದು. ಕೆಳಗೆ ತಾರೀಖು. ಅವಮಾನ ಗಿವಮಾನ ಏನೂ ಇರಲಿಲ್ಲ.

ತೀರ್ಥೇಶ ಆ ಸಾಲನ್ನು ನೋಡುತ್ತ ಕೂತ. ಕಣ್ಣೆದುರು ಅವನ ಅಜ್ಜಿ ತಿಮ್ಮಮ್ಮ ಹೊಸ್ತಿಲಾಚೆ ನಿಂತಿದ್ದಾಳೆ, ಪೋಸ್ಟ್‌ಮ್ಯಾನ್ ಸಾವಿನ ಕಾರ್ಡು ಓದಿ ಹೇಳುತ್ತಿದ್ದಾನೆ, ಕಾರ್ಡನ್ನು ಅವಳು ಒಳಗೆ ತರುವುದಿಲ್ಲ, ಅಲ್ಲೇ ನಾಲ್ಕು ಚೂರು ಮಾಡಿ ಬೇಲಿಯಾಚೆ ತೂರಿ, ಕಾಲಿಗೆ ನೀರು ಹಾಕಿಕೊಂಡು ಒಳಗೆ ಬಂದು ಆಮೇಲೆ ಅಳಲು ಶುರುಮಾಡುತ್ತಾಳೆ. ಇದನ್ನು ಅವನು ಎಷ್ಟು ಸಲ ನೋಡಿರಲಿಕ್ಕಿಲ್ಲ! ನೋಡಿಯೂ, ಮೂರನೆಯ ಸಾಲಿನಲ್ಲಿ ಒಬ್ಬರು ಎದ್ದು ನಿಂತು ಅದನ್ನೇ ಕೇಳಿದಾಗ ಗೊತ್ತಾಗಲಿಲ್ಲ. ಇಡೀ ತರಬೇತಿಯಲ್ಲಿ ಬಂದ ಒಂದೇ ಒಂದು ಒಳ್ಳೆಯ ಪ್ರಶ್ನೆ ಅದು. ಅದಕ್ಕೆ ಅವನು ದೆವ್ವದ ಉತ್ತರ ಕೊಟ್ಟ, ಆ ಉತ್ತರ ಅವನನ್ನೇ ಹಿಡಿದು ಲಾಟರಿಯವರ ಜೊತೆ ಊರಾಚೆ ಕೂರಿಸಿತು. ನಾಚಿಕೆಯೂ ನಗುವೂ ಒಟ್ಟಿಗೇ ಬಂದವು. “ಅಮ್ಮಾ, ಅದು ಕಾಗದನ್ನ ಮಾತ್ರ ಆಚೆ ಹಾಕಲ್ಲ. ಬರೆದವನನ್ನೂ ಹಾಕ್ತತಿ,” ಎಂದ. ಮಹಾದೇವಮ್ಮ ಒಂದು ಕ್ಷಣ ಅವನನ್ನು ನೋಡಿದರು, ಪರದೆ ನೋಡಿದರು, ಸಾಲಾಗಿ ನಿಂತ ತೀರ್ಥೇಶರನ್ನು ಲೆಕ್ಕ ಹಾಕುವವರಂತೆ ಬೆರಳಾಡಿಸಿದರು. “ಅಯ್ಯೋ ಶಿವನೇ! ನಾನು ನಿಮ್ಮನ್ನೇ ಹೊರಗೆ ಹಾಕಿದ್ನಾ!” ಎಂದು ಬಾಯಿಯ ಮೇಲೆ ಸೆರಗಿಟ್ಟುಕೊಂಡು ನಗಲು ಶುರುಮಾಡಿದರು. ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು.

ಆಮೇಲಿನ ಒಂದು ಗಂಟೆ ತೀರ್ಥೇಶನ ನಲವತ್ತೊಂದು ದಿನಗಳಲ್ಲೇ ಒಳ್ಳೆಯ ಗಂಟೆ. ತಡೆಯ ಪಟ್ಟಿಯಿಂದ ತನ್ನ ಹೆಸರು ತೆಗೆದು, ಬಿಡುವ ಪಟ್ಟಿಯಲ್ಲಿ ಹಾಕಲು ಹೊರಟಾಗ ಆಕೆ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತರು. ಬರೀ ತೀರ್ಥೇಶ್ ಅಂತ ಹೆಸರು ಬರೆದರೆ ಸಾಲದೇ ಎಂದು ಕೇಳಿದರು. “ಸಾಲಲ್ಲ. ಹೆಸರು ಯಾರು ಬೇಕಾದ್ರೂ ಬರ್ಕೊಬಹುದು. ನಾಳೆ ಆ ಲಾಟರಿಯವನೇ ಗಂಗಾಧರಪ್ಪ ಅಂತ ಹಾಕ್ಕೊಂಡು ಬಂದ್ರೆ?” ಎಂದು ಹೆಡರಿನ ಎರಡು ಸಾಲು ತೋರಿಸಿದ. ಒಂದು, ಕಾಗದ ತಲುಪದಿದ್ದರೆ ವಾಪಸು ಹೋಗಬೇಕಾದ ವಿಳಾಸ. ಇನ್ನೊಂದು, ಸಂಘದ ಸರ್ವರ್ ಹೊರಡುವಾಗ ಒತ್ತುವ ಮೊಹರು. ಎರಡೂ ನಮ್ಮದಾಗಿದ್ದರೆ ಮಾತ್ರ ಒಳಗೆ ಬಿಡು ಎಂದು ನಿಯಮ ಬರೆದ. “ಅಂದ್ರೆ ಬಾಗ್ಲಲ್ಲಿ ಹೆಸ್ರು ಕೇಳ್ಬಾರ್ದು, ಯಾರ ಮನೆಯಿಂದ ಬಂದ್ರಿ ಅಂತ ಕೇಳ್ಬೇಕು,” ಎಂದರು ಮಹಾದೇವಮ್ಮ. ತೀರ್ಥೇಶ ಎರಡು ವರ್ಷದಿಂದ ಎಂಟು ಶಾಖೆಗಳಿಗೆ ಹೇಳಿಕೊಡಲಾಗದ್ದು ಇದೇ. ಉತ್ಸಾಹ ಬಂದು ಇನ್ನೊಂದು ಕೆಲಸವನ್ನೂ ಮಾಡಿದ. ಇನ್ನು ಮುಂದೆ ಸಾವಿನ ಸುದ್ದಿ ಕಳಿಸುವಾಗ ಪ್ರಧಾನ ಕಚೇರಿಯಿಂದಲೇ ಹೆಡರಿನಲ್ಲಿ ಒಂದು ಗುರುತು ಹಾಕುವುದು. ಆ ಗುರುತಿದ್ದದ್ದು ಸೊರಬದಲ್ಲಿ ಬೇರೆಯೇ ಪೆಟ್ಟಿಗೆಗೆ ಬೀಳುವುದು. ಓದಿ ಆಚೆ ಬಂದ ಕೂಡಲೇ ಬುಟ್ಟಿಗೂ ಹೋಗದೆ ಇಲ್ಲವಾಗುವುದು. “ನಾನು ಕೇಳಿದ್ದು ಇದೇ ಅಲ್ವಾ!” ಎಂದು ಆಕೆ ತೊಡೆ ತಟ್ಟಿದರು. ಬೆನಕಪ್ಪನವರ ಸುದ್ದಿಯ ಆ ಮೇಲ್ ಇನ್ನೂ ಡಬ್ಬಿಯಲ್ಲೇ ಇತ್ತು. ಅವರು ಮುಖ ಆಚೆ ತಿರುಗಿಸಿಕೊಂಡರು, ಅವನು ಅದನ್ನು ಪೂರ್ತಿ ಇಲ್ಲವಾಗಿಸಿದ. “ಆತಾ?” “ಆತು ಅಮ್ಮಾ.” ಅವರು ಎದ್ದು, ಕಾಲು ತೊಳೆದುಕೊಂಡು ಬರುತ್ತೇನೆ, ಹಾಗೇ ಊಟ ಬಿಸಿ ಮಾಡುತ್ತೇನೆ, ನಿಮಗೂ ತಂದಿದ್ದೇನೆ ಎಂದು ಹಿಂದಕ್ಕೆ ಹೋದರು.

ಕೊನೆಯ ಗುಂಡಿ ಉಳಿದಿತ್ತು. ಈ ನಿಯಮವನ್ನು ಡಬ್ಬಿಯಲ್ಲಿರುವ ಹಳೆಯ ಮೇಲ್‌ಗಳಿಗೂ ಅನ್ವಯಿಸಬೇಕೇ ಎಂದು ಯಂತ್ರ ಕೇಳುತ್ತಿತ್ತು. ಇಪ್ಪತ್ತಮೂರು. ಒತ್ತುವ ಮೊದಲು ತನ್ನ ಕಾಗದವನ್ನು ಒಮ್ಮೆ ನೋಡೋಣವೆಂದು ತೆರೆದ. ಎರಡು ಗಂಟೆ ಕೂತು ಬರೆದದ್ದಲ್ಲವೇ. ‘ಮಾನ್ಯರೇ, ತಮ್ಮ ತಿಳಿವಳಿಕೆ ಇಲ್ಲದ ಪ್ರಶ್ನೆಗೆ ನಾನು ಎಲ್ಲರ ಎದುರು ನಕ್ಕಿದ್ದು ತಪ್ಪು. ವಯಸ್ಸಾದವರಿಗೆ ಹೊಸ ವಿಷಯ ಅರ್ಥವಾಗುವುದು ಕಷ್ಟ ಎಂಬುದನ್ನು ನಾನು ಅರಿಯಬೇಕಿತ್ತು…’ ಮುಂದೆ ಓದಲಾಗಲಿಲ್ಲ. ಇದನ್ನು ಬರೆದವನು ಯಾರು? ಇದನ್ನು ಬರೆದು ಹಗುರಾಗಿ ಮಿರ್ಚಿ ತಿಂದವನು ಯಾರು? ಅವತ್ತಿನ ನಗು ಒಂದು ಗಳಿಗೆಯದು, ಆಕೆಗೆ ಅದು ತಾಗಿದ ಹಾಗೂ ಕಾಣಲಿಲ್ಲ. ಇದು ಮಾತ್ರ ಅಕ್ಷರದಲ್ಲಿ ಇದೆ, ಯೋಚಿಸಿ ಯೋಚಿಸಿ, ಅಲ್ಪವಿರಾಮ ಹಾಕಿ ಮಾಡಿದ ಅವಮಾನ. ನಲವತ್ತೊಂದು ದಿನ ಇದನ್ನು ಆಕೆ ಓದಲಿ ಓದಲಿ ಎಂದು ಕಾದಿದ್ದ. ಈಗ ಓದದಿದ್ದರೆ ಸಾಕಾಗಿತ್ತು. ಅಳಿಸಿಬಿಟ್ಟರಾಯಿತು. ಅಳಿಸುವ ಗುಂಡಿ ಅಲ್ಲೇ ಇದೆ, ಹಿಂದಿನ ಕೋಣೆಯಲ್ಲಿ ಪಾತ್ರೆಯ ಸದ್ದಾಗುತ್ತಿದೆ, ಆಕೆಗೆ ಇಂಥದೊಂದು ಇತ್ತೆಂದೇ ಗೊತ್ತಿಲ್ಲ. ಇಪ್ಪತ್ತೆರಡು ಒಳಗೆ ಹೋಗುತ್ತವೆ, ಪಟ್ಟಿಗಳು ಬರುತ್ತವೆ, ಗಂಗಾಧರಪ್ಪನವರಿಗೆ ಸಮಾಧಾನ, ಸಾರು ಅನ್ನ ಉಂಡು ಸಂಜೆಯ ಬಸ್ಸಿಗೆ ವಾಪಸು. ಬಾಣದ ಗುರುತನ್ನು ಆ ಗುಂಡಿಯ ಮೇಲೆ ತಂದು ಇಟ್ಟ.

ಅಳಿಸಿದರೂ ಶಿಕಾರಿಪುರದ ಸರ್ವರಿನಲ್ಲಿ ಅದರ ಎದುರು ‘ತಲುಪಿದೆ’ ಎಂದೇ ಇರುತ್ತದೆ. ನಾಳೆ ಬೆಳಿಗ್ಗೆ ಕಚೇರಿಗೆ ಹೋಗಿ ಅಭ್ಯಾಸಬಲದಿಂದ ಆ ಸಾಲು ನೋಡುತ್ತಾನೆ. ಆಗ ಸುಳ್ಳು ಸರ್ವರಿನದಲ್ಲ, ಅವನದು. ಇಷ್ಟು ದಿನ ಆಕೆ ಸುಳ್ಳು ಹೇಳುತ್ತಿದ್ದಾರೆ ಎಂದು ಒಳಗೊಳಗೇ ನಂಬಿದವನು ಅವನೇ ಅಲ್ಲವೇ? ಪಾತ್ರೆಯ ಸದ್ದು ನಿಂತಿತು. ತೀರ್ಥೇಶ ಬಾಣವನ್ನು ಸರಿಸಿ, ಎಲ್ಲ ಹಳೆಯ ಮೇಲ್‌ಗಳಿಗೂ ಎಂಬ ಚೌಕದಲ್ಲಿ ಗುರುತು ಹಾಕಿ ಒತ್ತಿದ. 23 ಮೇಲ್‌ಗಳು ಒಳಪೆಟ್ಟಿಗೆಗೆ ಬಂದಿವೆ ಎಂದು ಯಂತ್ರ ಹೇಳಿತು. ಮಹಾದೇವಮ್ಮ ಹಿಂದಿನಿಂದ ಬಂದಾಗ ಎದ್ದು, ಕುರ್ಚಿಯನ್ನು ಆಕೆಗೆ ಬಿಟ್ಟುಕೊಟ್ಟು, ತಾನು ಸ್ಟೂಲಿನ ಮೇಲೆ ಕೂತ. “ಅಮ್ಮಾ, ಎಲ್ಲಾ ಬಂದಾವೆ. ಒಂದು ನನ್ನ ಸ್ವಂತದ್ದು ಐತಿ. ಮೊದಲನೇದು. ಅದನ್ನ ಓದಿಬಿಡ್ರಿ,” ಎಂದ. ಕಿವಿ ಸುಡುತ್ತಿತ್ತು.

ಮಹಾದೇವಮ್ಮ ಕನ್ನಡಕ ಏರಿಸಿಕೊಂಡು ಓದಿದರು. ತುಟಿ ಅಲುಗಿಸುತ್ತ ನಿಧಾನ ಓದುವವರು ಅವರು. ತೀರ್ಥೇಶ ಗೋಡೆಯ ಕ್ಯಾಲೆಂಡರಿನಲ್ಲಿ ಈ ತಿಂಗಳಿನ ಎಲ್ಲ ರಜೆಗಳನ್ನೂ ಎಣಿಸಿದ, ಎರಡನೆಯ ಸಲ ಎಣಿಸಿದ. “ತಿಳಿವಳಿಕೆ ಇಲ್ಲದ ಪ್ರಶ್ನೆ,” ಎಂದು ಆಕೆ ಒಂದು ಕಡೆ ಮಾತ್ರ ಗಟ್ಟಿಯಾಗಿ ಓದಿ, “ಹೂಂ,” ಎಂದರು. ಮತ್ತೆ ಓದಿದರು. ಮುಗಿದ ಮೇಲೆ ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. ಬಸ್ಸಿನಲ್ಲಿ ಕಂಡ ನೋಟವೇ ಇದು, ಈಗ ನಿಜವಾಗಿಯೂ ಬಂದಿತ್ತು. “ಇದನ್ನ ಬರ್ದು ಎಷ್ಟು ದಿನ ಆತು?” “ನಲವತ್ತೊಂದು ದಿನ ಅಮ್ಮಾ.” “ಅಷ್ಟು ದಿನ ಉತ್ರ ಇಲ್ದೆ ಕೂತಿದ್ರಾ? ಎಂತ ಮನ್ಷರು ನೀವು!” ಅವನು ತಪ್ಪಾಯ್ತು ಎನ್ನಲು ಬಾಯಿ ತೆರೆದ. ಆಕೆ ಕೈಯೆತ್ತಿ ತಡೆದರು. “ಆಚೆ ತಿರ್ಗಿ ಕೂತ್ಕಳಿ. ನೋಡ್ಬಾರ್ದು.” ತಿರುಗಿ ಕೂತ. ಬೆನ್ನ ಹಿಂದೆ ಒಂದೊಂದೇ ಅಕ್ಷರ ಹುಡುಕಿ ಒತ್ತುವ ಸದ್ದು. ಟಕ್. ಬಹಳ ಹೊತ್ತಿನ ಮೇಲೆ ಇನ್ನೊಂದು ಟಕ್. ಒಳಗಿನಿಂದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬರುತ್ತಿತ್ತು. ಇಂಥ ಹೊತ್ತಿನಲ್ಲಿ ಹಸಿವಾಗುತ್ತಿದೆಯಲ್ಲ ಎಂದು ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಹದಿನೈದು ನಿಮಿಷವಾಗಿರಬೇಕು. “ಹೋತು ನೋಡಿ,” ಎಂದರು ಮಹಾದೇವಮ್ಮ. ಅವನ ಜೇಬಿನಲ್ಲಿ ಫೋನು ನಡುಗಿತು. ಆಕೆ ಅವನಿಂದ ಒಂದು ಮೊಳ ದೂರದಲ್ಲಿ ಕೂತು, ಏನೂ ಗೊತ್ತಿಲ್ಲದವರ ಹಾಗೆ ಹೊಸ ಮೌಸಿನ ಡಬ್ಬಿ ಬಿಚ್ಚುತ್ತಿದ್ದರು.

‘ತೀರ್ಥೇಶ್ ಅವರಿಗೆ. ತಮ್ಮ ಕಾಗದ ಇಂದು ತಲುಪಿತು. ನನ್ನ ಪ್ರಶ್ನೆಯಲ್ಲಿ ತಿಳಿವಳಿಕೆ ಇತ್ತು, ನಿಮ್ಮ ಉತ್ತರದಲ್ಲಿ ಇರಲಿಲ್ಲ. ನನಗೆ ಅವತ್ತು ಬೇಜಾರಾಗಿದ್ದು ನಿಜ, ಮನೆಗೆ ಹೋಗಿ ಊಟ ಮಾಡಲಿಲ್ಲ. ಉಳಿದದ್ದೆಲ್ಲ ಒಪ್ಪಿದ್ದೇನೆ. ಊಟಕ್ಕೆ ಏಳಿ. ಇಂತಿ, ಮಹಾದೇವಮ್ಮ, ಸೊರಬ ಶಾಖೆ.’

ಎರಡು ಸಲ ಓದಿದ. ಮನೆಗೆ ಹೋಗಿ ಊಟ ಮಾಡಲಿಲ್ಲ ಎಂಬ ಸಾಲಿನ ಹತ್ತಿರ ಎರಡು ಸಲವೂ ಅಕ್ಷರಗಳು ಮಂಜಾದವು. ಸ್ಟೂಲಿನಿಂದ ತಿರುಗಿ, “ಅಮ್ಮಾ, ನಾನು…” ಎಂದ.

“ಬಾಯಲ್ಲಿ ಬೇಡ,” ಎಂದರು ಮಹಾದೇವಮ್ಮ, ಒಳಗಿನಿಂದ ತಂದ ತಟ್ಟೆಯನ್ನು ಅವನ ಕೈಗೆ ಕೊಡುತ್ತ. “ಬರ್ದು ಕಳ್ಸಿ. ಉಂಡಾದ ಮೇಲೆ.”